ಒಡಿಸ್ಸಿ ಗೇಮ್‌ಗಳ ರೋಮ್ ಎಲ್ಲಿ ಸಿಗುತ್ತೆ?

ಹಳೇ ವಿಡಿಯೋ ಗೇಮ್ ಹುಚ್ಚಿರೋನು ಅಂತ ಗೊತ್ತಾದ ತಕ್ಷಣ ಎಲ್ರೂ ನನ್ನ ಕೇಳೋದು ಇದೇ: "ಫೋನಲ್ಲೇ ಪ್ಲೇಸ್ಟೇಷನ್ 2 ಗೇಮ್ ಓಡುತ್ತೆ, ಅಂಥದ್ರಲ್ಲಿ ಎರಡು ಚೌಕ ಒಂದು ಬಾಲ್ ಇರೋ ಟಿವಿಗೆ ಜೋಡಿಸಿ ಆಡೋ 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ ಮಷೀನನ್ನ ಎಮ್ಯುಲೇಟ್ ಮಾಡೋದು ಏನು ಮಹಾ ಕಷ್ಟ? ಅದರ ರೋಮ್ ಫೈಲ್ ಎಲ್ಲಿ ಸಿಗುತ್ತೆ?"

ಎಲ್ಲೂ ಸಿಗಲ್ಲ. ರೋಮ್ ಅಂದ್ರೆ ಗೇಮಿನ ಪ್ರೋಗ್ರಾಮ್ ಇಟ್ಟಿರೋ ಚಿಪ್, ಅದರಲ್ಲಿ ಅಂಥದ್ದೇ ಇರ್ಲಿಲ್ಲ.

ಎಮ್ಯುಲೇಟರ್ ಮಾಡೋದೇನು ಅಂದ್ರೆ ಹಳೇ ಮಷೀನಿನ ಪ್ರೊಸೆಸರ್‌ಗೆ ಬರೆದ ಇನ್‌ಸ್ಟ್ರಕ್ಷನ್‌ಗಳನ್ನ ಒಂದೊಂದಾಗಿ ಓದಿ ಅದೇ ಕೆಲಸನ ನಮ್ಮ ಕಂಪ್ಯೂಟರ್ ಕೈಲಿ ಮಾಡ್ಸೋದು. ಒಡಿಸ್ಸಿಲಿ ಪ್ರೊಸೆಸರ್ ಇಲ್ಲ, ಮೆಮೊರಿ ಇಲ್ಲ, ಸ್ಕೋರ್ ಇಲ್ಲ, ಸೌಂಡೂ ಇಲ್ಲ. ರಾಲ್ಫ್ ಬೇರ್ ಮತ್ತೆ ಅವರ ಜೊತೆಗಾರರ ಡಿಸೈನ್ ಪೂರ್ತಿ ಟ್ರಾನ್ಸಿಸ್ಟರ್, ಡಯೋಡ್, ರೆಸಿಸ್ಟರ್, ಕೆಪಾಸಿಟರ್ ಮೇಲೇ ನಿಂತಿದೆ. ಗೇಮ್ ಕಾರ್ಡ್ ಇರುತ್ತಲ್ಲ, ನೋಡೋಕೆ ಕಾರ್ಟ್ರಿಜ್ ಥರಾನೇ, ಆದ್ರೆ ಚಿಪ್ ಗಿಪ್ ಏನೂ ಇಲ್ಲ, ಒಳಗಿನ ಯಾವ ಸರ್ಕ್ಯೂಟ್ ಯಾವುದಕ್ಕೆ ಸೇರ್ಬೇಕು ಅಂತ ಜೋಡಿಸೋ ತಾಮ್ರದ ಗೆರೆಗಳು ಅಷ್ಟೇ. ಅದನ್ನ ಫೈಲ್ ಮಾಡಿ ಇಟ್ಕೊಂಡ್ರೂ ಓಡಿಸೋಕೆ ಏನಿದೆ?

ಸ್ಕ್ರೀನ್ ಮೇಲಿನ ಚೌಕ ಎಲ್ಲಿ ಬರ್ಬೇಕು ಅಂತ ಹೇಗೆ ನಿರ್ಧಾರ ಆಗುತ್ತೆ ನೋಡಿ, ನನಗೆ ತುಂಬಾ ಇಷ್ಟವಾದ ಭಾಗ ಇದು. ಹಳೇ ಟಿವಿ ಚಿತ್ರನ ಎಡದಿಂದ ಬಲಕ್ಕೆ ಗೆರೆ ಗೆರೆಯಾಗಿ ಬರಿಯುತ್ತೆ, ಹೊಸ ಗೆರೆ ಶುರುವಾದಾಗ ಒಡಿಸ್ಸಿ ಒಂಚೂರು ಹೊತ್ತು ಕಾದು ಆಮೇಲೆ ಬಿಳಿ ಸಿಗ್ನಲ್ ಕೊಡುತ್ತೆ, ಎಷ್ಟು ಹೊತ್ತು ಕಾಯ್ಬೇಕು ಅನ್ನೋದು ನೀವು ಕೈಲಿ ತಿರುಗಿಸ್ತಿರೋ ನಾಬ್‌ನಿಂದ ಬರೋ ವೋಲ್ಟೇಜ್ ಮೇಲೆ. ಮೇಲೆ ಕೆಳಗೆ ಹೋಗೋದಕ್ಕೂ ಇದೇ ಲೆಕ್ಕ. ಅಂದ್ರೆ ಅಲ್ಲಿ ಪಿಕ್ಸೆಲ್ಲೇ ಇಲ್ಲ! 50 ವರ್ಷ ದಾಟಿದ ಕೆಪಾಸಿಟರ್‌ಗಳು ಬೇರೆ, ಎರಡು ಒಡಿಸ್ಸಿ ಅಕ್ಕಪಕ್ಕ ಇಟ್ರೂ ಎರಡೂ ಒಂದೇ ಥರ ಆಡ್ಬೇಕು ಅಂತೇನಿಲ್ಲ, ಹಾಗಾದ್ರೆ ಯಾವುದನ್ನ ಸರಿ ಅಂತ ಹಿಡ್ಕೊಂಡು ಎಮ್ಯುಲೇಟ್ ಮಾಡೋದು?

ಹೊರಗಿಂದ ನೋಡಿ ಅದೇ ಥರ ಕಾಣೋ ಗೇಮ್ ಹೊಸದಾಗಿ ಬರೆಯೋದು ಸುಲಭದ ದಾರಿ, ಆದ್ರೆ ಹಾಗೆ ಬರೆದಾಗ ಮಷೀನಿನ ಗುಣ ಕೈತಪ್ಪಿ ಹೋಗುತ್ತೆ. ಅದೇ 1972ರಲ್ಲಿ ಬಂದ ಅಟಾರಿಯ ಪಾಂಗ್ ತಗೊಳ್ಳಿ, ಅದು ಮನೇದಲ್ಲ, ಕಾಸು ಹಾಕಿ ಆಡೋ ಆರ್ಕೇಡ್ ಮಷೀನು, ಆದ್ರೆ ಅದರಲ್ಲೂ ಪ್ರೊಸೆಸರ್ ಇಲ್ಲ. ಅದರ ಬ್ಯಾಟು ಸ್ಕ್ರೀನಿನ ತುತ್ತತುದಿ ತನಕ ಹೋಗಲ್ಲ. ಅದು ಸರ್ಕ್ಯೂಟಿನ ದೋಷ, ಡಿಸೈನ್ ಮಾಡಿದ ಅಲನ್ ಆಲ್ಕಾರ್ನ್ ಸರಿ ಮಾಡದೆ ಹಾಗೇ ಬಿಟ್ರು, ಇಲ್ದಿದ್ರೆ ಚೆನ್ನಾಗಿ ಆಡೋರ ಕೈಲಿ ಆಟ ಮುಗೀತಾನೇ ಇರ್ಲಿಲ್ಲ. ನೋಡ್ಕೊಂಡು ಬರೆಯೋನು ಇದನ್ನ ಗಮನಿಸಿದ್ರೆ ಮಾತ್ರ ಸೇರಿಸ್ತಾನೆ. ಡೈಸ್ ಅನ್ನೋ ಪ್ರೋಗ್ರಾಮ್, ಹಳೇ ಆರ್ಕೇಡ್ ಗೇಮ್‌ಗಳ ಎಮ್ಯುಲೇಟರ್ ಆದ ಮೇಮ್‌ನಲ್ಲಿರೋ ನೆಟ್‌ಲಿಸ್ಟ್ ವ್ಯವಸ್ಥೆ ಇವೆರಡೂ ಸರ್ಕ್ಯೂಟನ್ನೇ ಸಿಮ್ಯುಲೇಟ್ ಮಾಡುತ್ವೆ, ಅಲ್ಲಿ ಆ ದೋಷ ತಾನಾಗೇ ಬರುತ್ತೆ. ಸಿಪಿಯು ಸಿಕ್ಕಾಪಟ್ಟೆ ತಿನ್ನುತ್ತೆ ನಿಜ, ಆದ್ರೂ ನನ್ನ ಪ್ರಕಾರ ಎಮ್ಯುಲೇಷನ್ ಅಂದ್ರೆ ಅದೇ.

1976ರ ಎವೈ-3-8500 ಅನ್ನೋ ಒಂದೇ ಚಿಪ್ಪಲ್ಲಿ ಪಾಂಗ್ ಥರದ ಆಟ ಪೂರ್ತಿ ಇತ್ತು, ಅದಕ್ಕೆ ಚಿಪ್ ಮೇಲಿನ ಕವಚ ತೆಗೆದು ಮೈಕ್ರೋಸ್ಕೋಪಲ್ಲಿ ಫೋಟೋ ಹಿಡಿದು ಒಂದೊಂದೇ ಟ್ರಾನ್ಸಿಸ್ಟರ್ ಗುರುತಿಸಿದ್ದಾರೆ. 1977ರ ಮನೆ ಗೇಮ್ ಮಷೀನ್ ಅಟಾರಿ 2600ಗೆ ಬಂದ್ರೆ ಪ್ರೋಗ್ರಾಮ್ ಇದೆ, ರೋಮ್ ಇದೆ, ಸ್ಟೆಲ್ಲಾ ಎಮ್ಯುಲೇಟರಲ್ಲಿ ಆರಾಮಾಗಿ ಆಡಬಹುದು. ಅಲ್ಲೂ ರ‍್ಯಾಮ್ ಬರೀ 128 ಬೈಟು, ಇಡೀ ಚಿತ್ರ ಇಟ್ಕೊಳ್ಳೋಕೆ ಜಾಗ ಇಲ್ಲ, ಟಿವಿ ಗೆರೆ ಎಳೀತಿರೋವಾಗ್ಲೇ ಪ್ರೊಸೆಸರಿನ 76 ಬಡಿತ, ಅಂದ್ರೆ 76 ಸೈಕಲ್‌ ಒಳಗೆ ಆ ಗೆರೆಗೆ ಬೇಕಾದ್ದನ್ನ ಕೊಡ್ಬೇಕು, ಎಮ್ಯುಲೇಟರ್ ಟೈಮಿಂಗ್ ಸ್ವಲ್ಪ ತಪ್ಪಿದ್ರೂ ಚಿತ್ರ ಕೆಟ್ಟೋಗುತ್ತೆ.

ಒಡಿಸ್ಸಿಗೆ ವಾಪಸ್ ಬರ್ತೀನಿ, ಸರ್ಕ್ಯೂಟ್ ಪೂರ್ತಿ ಸಿಮ್ಯುಲೇಟ್ ಮಾಡಿದ್ರೂ ಅರ್ಧ ಗೇಮ್ ಮಷೀನಿನ ಹೊರಗೇ ಇದೆ. ಟಿವಿ ಗಾಜಿಗೆ ಅಂಟಿಸೋ ಪ್ಲಾಸ್ಟಿಕ್ ಹಾಳೆ ಮೇಲೆ ಚಿತ್ರ. ಕ್ಯಾಟ್ ಆಂಡ್ ಮೌಸ್, ಹಾಂಟೆಡ್ ಹೌಸ್ ಎರಡಕ್ಕೂ ನಾಲ್ಕನೇ ನಂಬರ್ ಕಾರ್ಡೇ, ಬದಲಾಗೋದು ಹಾಳೆ ಮತ್ತೆ ರೂಲ್ಸು. ಇಲಿ ಗೋಡೆ ದಾಟಿದ್ರೆ ಮಷೀನ್ ತಡಿಯಲ್ಲ, ಅಲ್ಲೊಂದು ಗೋಡೆ ಇದೆ ಅಂತ ಅದಕ್ಕೆ ಗೊತ್ತೇ ಇಲ್ಲ, ಎದುರಿಗೆ ಕೂತೋರು ಒಪ್ಕೊಂಡು ಆಡ್ಬೇಕು. ಅದಕ್ಕೇ ಹಾಳೆಗಳ ಸ್ಕ್ಯಾನ್, ರೂಲ್ ಬುಕ್, ಸರ್ಕ್ಯೂಟ್ ಚಿತ್ರ ಇವನ್ನ ಉಳಿಸೋರ ಕೆಲಸ ಎಮ್ಯುಲೇಟರ್ ಬರೆಯೋರ ಕೆಲಸಕ್ಕಿಂತ ಒಂದು ಗುಲಗಂಜಿಯಷ್ಟೂ ಕಮ್ಮಿ ಅಲ್ಲ. ನೀವು ಆಡಿ ನೋಡ್ಬೇಕು ಅಂದ್ರೆ ಇರೋ ಸಿಮ್ಯುಲೇಟರ್ ಯಾವುದಾದ್ರೂ ಹಾಕ್ಕೊಳ್ಳಿ, ರೂಲ್ ಬುಕ್ ಮೊದ್ಲು ಓದಿ, ಪಕ್ಕದಲ್ಲಿ ಇನ್ನೊಬ್ರನ್ನ ಕೂರಿಸ್ಕೊಳ್ಳಿ, ಕಂಪ್ಯೂಟರ್ ಎದುರಾಳಿ ಅನ್ನೋದು ಅದ್ರಲ್ಲಿಲ್ಲ.