ಸಕಲೇಶಪುರ ಘಾಟಿಯ ಹಗಲು ರೈಲು: ಸಿಗ್ನಲ್, ಬೋರ್ಡ್ ನೋಡಲು ಹೋಗುವವರಿಗೆ

ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವ ಹೆಚ್ಚಿನವರು ಜಲಪಾತ, ಸುರಂಗ, ಕಾಡು ನೋಡಲು ಹೋಗುತ್ತಾರೆ. ಮೊದಮೊದಲು ನಾನೂ ಅದಕ್ಕೇ ಹೋಗುತ್ತಿದ್ದೆ. ಈಗ ಹಳಿ ಪಕ್ಕದ ಕಂಬ, ಬೋರ್ಡುಗಳನ್ನು ಓದಲು ಹೋಗುತ್ತೇನೆ. ಅವೆಲ್ಲ ರೈಲು ಓಡಿಸುವವರಿಗಾಗಿ ಇಟ್ಟಿರುವ ಸೂಚನೆಗಳು. ಅವನ್ನು ಓದಲು ಬಂದರೆ ರೈಲು ಯಾಕೆ ನಿಧಾನವಾಯಿತು, ಯಾಕೆ ಕೂಗಿತು, ಎಲ್ಲಿ ನಿಲ್ಲುತ್ತದೆ ಅನ್ನೋದು ಕೂತಲ್ಲೇ ತಿಳಿಯುತ್ತದೆ. ಇದೇ ಆಸೆ ಇರುವವರಿಗೆ ನನ್ನ ಓಡಾಟದಲ್ಲಿ ಗೊತ್ತಾದದ್ದನ್ನು ಹೇಳುತ್ತೇನೆ.

ಮೊದಲ ಮಾತು, ಹಗಲು ರೈಲನ್ನೇ ಹಿಡಿಯಿರಿ. ನಾನು ಮೊದಲ ಸಲ ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿ ಇಡೀ ಘಾಟಿಯನ್ನು ಕತ್ತಲಲ್ಲಿ ಕಳೆದುಕೊಂಡೆ. ಬೆಳಗ್ಗೆ ಯಶವಂತಪುರದಿಂದ ಹೊರಟು ಕುಣಿಗಲ್, ಶ್ರವಣಬೆಳಗೊಳ, ಹಾಸನದ ಮೇಲೆ ಹೋಗುವ ರೈಲುಗಳಿವೆ. ವಾರದ ಕೆಲವು ದಿನ ಕಾರವಾರಕ್ಕೆ, ಇನ್ನು ಕೆಲವು ದಿನ ಮಂಗಳೂರು ಜಂಕ್ಷನ್‌ಗೆ. ಘಾಟಿಯಲ್ಲಿ ಕೆಲಸ ನಡೆಯುವಾಗ ಹಗಲು ರೈಲುಗಳನ್ನೇ ರದ್ದು ಮಾಡುವುದುಂಟು. ಹಾಗಾಗಿ ಬುಕ್ ಮಾಡುವ ಮುಂಚೆ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಯಾವ ಕಡೆ ಕೂರಬೇಕು? ನಮ್ಮ ದೇಶದಲ್ಲಿ ಸಿಗ್ನಲ್ ಕಂಬ ಸಾಮಾನ್ಯವಾಗಿ ರೈಲು ಹೋಗುವ ದಿಕ್ಕಿನ ಎಡಕ್ಕಿರುತ್ತದೆ. ಹಾಗಾಗಿ ಎಡಗಡೆ ಕಿಟಕಿ. ಎಸಿ ಇಲ್ಲದ ಬೋಗಿಯೇ ವಾಸಿ. ಗಾಜು ಅಡ್ಡ ಬರುವುದಿಲ್ಲ, ಹಾರನ್ ಚೆನ್ನಾಗಿ ಕೇಳುತ್ತದೆ. ಹೊರಗಿನ ನೋಟಕ್ಕೆಂದೇ ದೊಡ್ಡ ಗಾಜು ಹಾಕಿದ ವಿಸ್ಟಾಡೋಮ್ ಬೋಗಿ ರೈಲಿನ ತುದಿಯಲ್ಲಿದ್ದರೆ ಅದರ ದೊಡ್ಡ ಕಿಟಕಿಯಿಂದ ಹಿಂದಕ್ಕೆ ನೋಡುವುದೂ ಒಂದು ಖುಷಿ. ಆಗ ನಿಮಗೆ ಕಾಣುವುದು ನಮ್ಮ ರೈಲಿನ ಸಿಗ್ನಲ್ ಅಲ್ಲ, ಎದುರಿನಿಂದ ಬರುವ ರೈಲಿಗೆ ಹಾಕಿದ ಸಿಗ್ನಲ್.

ಸಿಗ್ನಲ್ ನೋಡಲು ಹೊರಟ ಹೊಸಬರೆಲ್ಲ ಒಂದು ಕಡೆ ಗೊಂದಲ ಮಾಡಿಕೊಳ್ಳುತ್ತಾರೆ. ನಮ್ಮ ಬೋಗಿ ಕಂಬದ ಹತ್ತಿರ ಬರುವಷ್ಟರಲ್ಲಿ ಆ ಸಿಗ್ನಲ್ ಕೆಂಪಾಗಿರುತ್ತದೆ. ಇಂಜಿನ್ ದಾಟುತ್ತಿದ್ದ ಹಾಗೆ ಹಿಂದಿನ ರೈಲನ್ನು ತಡೆಯಲು ಅದು ತಾನೇ ಕೆಂಪಿಗೆ ತಿರುಗುತ್ತದೆ. ಹಾಗಾದರೆ ಲೋಕೋ ಪೈಲಟ್ ಕಂಡ ಬಣ್ಣ ನಮಗೆ ಕಾಣುವುದು ಯಾವಾಗ? ತಿರುವಿನಲ್ಲಿ. ಹಳಿ ಎಡಕ್ಕೆ ಬಾಗಿದಾಗ ಮುಂದಿನ ಬೋಗಿಗಳೆಲ್ಲ ಬಿಲ್ಲಿನ ಹಾಗೆ ಕಾಣುತ್ತವೆ, ಅವುಗಳ ಆಚೆ ಸಿಗ್ನಲ್ ಬೆಳಗುತ್ತಿರುತ್ತದೆ. ಘಾಟಿಯಲ್ಲಿ ತಿರುವಿಗೆ ಬರವಿಲ್ಲ ಅಲ್ವಾ, ಅದಕ್ಕೇ ಸಿಗ್ನಲ್ ಪ್ರಿಯರಿಗೆ ಈ ದಾರಿ ಇಷ್ಟ. ಕಿಟಕಿ ಒಳಗಿಂದಲೇ ನೋಡಿ. ಕೈ, ತಲೆ ಹೊರಗೆ ಹಾಕಬೇಡಿ, ಬಾಗಿಲಲ್ಲಿ ನೇತಾಡಬೇಡಿ. ಸುರಂಗದ ಗೋಡೆ ಬೋಗಿಗೆ ತೀರಾ ಹತ್ತಿರ ಬರುತ್ತದೆ.

ಬಣ್ಣಗಳ ಲೆಕ್ಕ ಸುಲಭ. ಹಸಿರು ಅಂದರೆ ಹೋಗು. ಒಂದು ಹಳದಿ ಅಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ತಯಾರಾಗಿ ಹೋಗು. ಎರಡು ಹಳದಿ ಅಂದರೆ ಮುಂದಿನ ಸಿಗ್ನಲ್ಲನ್ನು ಕಡಿಮೆ ವೇಗದಲ್ಲಿ ದಾಟಬೇಕಾಗುತ್ತದೆ, ಅದಕ್ಕೆ ತಯಾರಾಗು. ಒಂದಕ್ಕಿಂತ ಎರಡು ಹಳದಿ ಜಾಸ್ತಿ ಎಚ್ಚರಿಕೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಅದು ತಪ್ಪು, ಒಂದೇ ಹಳದಿ ಹೆಚ್ಚು ಬಿಗಿ. ಸ್ಟೇಷನ್ ಬರುವ ಮೊದಲು ಸಿಗುವುದು ಡಿಸ್ಟೆಂಟ್ ಸಿಗ್ನಲ್. ಅದರ ಕಂಬದಲ್ಲಿ ಬಿಳಿ ಬಿಲ್ಲೆಯ ಮೇಲೆ ಕಪ್ಪು ‘ಪಿ’ ಅಕ್ಷರ ಇರುತ್ತದೆ. ಅದರಲ್ಲಿ ಕೆಂಪು ದೀಪವೇ ಇಲ್ಲ. ಆಮೇಲೆ ಹೋಮ್ ಸಿಗ್ನಲ್, ಸ್ಟೇಷನ್ ಒಳಗೆ ಬಿಡುವುದು ಇದು. ಹೊರಗೆ ಬಿಡುವುದು ಸ್ಟಾರ್ಟರ್. ಹೋಮ್ ಸಿಗ್ನಲ್‌ನ ಹಳದಿಯ ಮೇಲೆ ಬಿಳಿ ದೀಪಗಳ ಸಾಲು ಓರೆಯಾಗಿ ಹತ್ತಿದ್ದರೆ ರೈಲು ಪಕ್ಕದ ಲೂಪ್ ಲೈನಿಗೆ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಹಳಿಗೆ, ತಿರುಗುತ್ತದೆ. ಹಾಗೆ ಕಂಡರೆ ಎದುರಿನಿಂದ ಇನ್ನೊಂದು ರೈಲು ಬರುವ ಸಾಧ್ಯತೆ ಜಾಸ್ತಿ. ಕ್ಯಾಮೆರಾ ತೆಗೆದಿಟ್ಟುಕೊಳ್ಳಿ.

ಹಾಸನದವರೆಗಿನ ಬಯಲಲ್ಲಿ ಮಾಡಬಹುದಾದ ಒಂದು ಆಟ ಇದೆ. ರಸ್ತೆ ಹಳಿ ದಾಟುವ ಗೇಟಿಗೆ 600 ಮೀಟರ್ ಮೊದಲು ಹಳದಿ ಬೋರ್ಡಿನಲ್ಲಿ ‘ಡಬ್ಲ್ಯು/ಎಲ್’ ಅಂತ ಇಂಗ್ಲಿಷಿನಲ್ಲಿ, ‘ಸೀ/ಫಾ’ ಅಂತ ಹಿಂದಿಯಲ್ಲಿ ಬರೆದಿರುತ್ತದೆ. ಸೀಟಿ ಅಂದರೆ ಕೂಗು, ಫಾಟಕ್ ಅಂದರೆ ಗೇಟು. ಇಂಜಿನ್ ಈ ಬೋರ್ಡಿನ ಹತ್ತಿರ ಬಂದಾಗ ಹಾರನ್ ಶುರು. ಹಾರನ್ ಕೇಳಿದ ಕೂಡಲೇ ಸೆಕೆಂಡ್ ಎಣಿಸಿ, ಬೋರ್ಡು ನಿಮ್ಮ ಕಿಟಕಿಗೆ ಬಂದಾಗ ನಿಲ್ಲಿಸಿ. ಈಗಿನ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಒಂದೊಂದೂ ಸುಮಾರು 23.5 ಮೀಟರ್ ಉದ್ದ. ನೀವು ಇಂಜಿನ್ನಿನಿಂದ ಹತ್ತು ಬೋಗಿ ಹಿಂದಿದ್ದರೆ 235 ಮೀಟರ್ ಆಯಿತು. ಹತ್ತು ಸೆಕೆಂಡ್ ಬಂದರೆ ವೇಗ ಗಂಟೆಗೆ ಹೆಚ್ಚುಕಡಿಮೆ 85 ಕಿಲೋಮೀಟರ್. ಇನ್ನೂ ಸರಿಯಾದ ಲೆಕ್ಕ ಬೇಕಿದ್ದರೆ ಕಿಲೋಮೀಟರ್ ಕಲ್ಲು ನೋಡಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ 36 ಸೆಕೆಂಡ್ ಆದರೆ 100 ಕಿಲೋಮೀಟರ್ ವೇಗ, 120 ಸೆಕೆಂಡ್ ಆದರೆ 30. ಘಾಟಿಗೆ ಇಳಿದ ಮೇಲೆ ಈ 120 ನಿಮಗೆ ಬಾಯಿಪಾಠ ಆಗಿಬಿಡುತ್ತದೆ.

ಸಕಲೇಶಪುರದಲ್ಲಿ ತಿಂಡಿ, ನೀರು ಮುಗಿಸಿಕೊಳ್ಳಿ. ಮುಂದೆ ಸುಬ್ರಹ್ಮಣ್ಯ ರೋಡ್ ತನಕ ಅಂಗಡಿ ನೆಚ್ಚಬೇಡಿ, ಮೊಬೈಲ್ ನೆಟ್‌ವರ್ಕೂ ಅಷ್ಟಕ್ಕಷ್ಟೇ. ಸ್ಟೇಷನ್ನಿನ ಹಳದಿ ಬೋರ್ಡಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ, ಬರೆದುಕೊಳ್ಳಿ. ಸುಬ್ರಹ್ಮಣ್ಯ ರೋಡಿನ ಬೋರ್ಡಿನಲ್ಲೂ ನೋಡಿ ಕಳೆದರೆ ಎಷ್ಟು ಇಳಿದಿರಿ ಅಂತ ಗೊತ್ತಾಗುತ್ತದೆ. ಈ ಎರಡರ ಮಧ್ಯೆ ಸುಮಾರು 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಇಳಿಜಾರು 50ಕ್ಕೆ 1. ಹಳಿ ಪಕ್ಕದ ಗಿಡ್ಡ ಕಂಬಗಳಲ್ಲಿ ಈ ಇಳಿಜಾರಿನ ಅಂಕಿ ಇರುತ್ತದೆ. ಸುರಂಗದ ಬಾಯಿಯಲ್ಲಿ ಅದರ ನಂಬರ್ ನೋಡಿ. ಸೇತುವೆಗೂ ನಂಬರ್ ಇದೆ. ಜೊತೆಗೆ ಇರುವ ಬಾಣದ ಗುರುತು ಹೊಳೆಯ ನೀರು ಯಾವ ಕಡೆ ಹರಿಯುತ್ತದೆ ಅಂತ ತೋರಿಸುತ್ತದೆ. ಹೊಳೆ ಬತ್ತಿರುವ ಬೇಸಿಗೆಯಲ್ಲೂ ಆ ಬಾಣ ನೋಡಿದರೆ ನನಗೆ ಏನೋ ಸಂತೋಷ.

ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಊರೇ ಕಾಣದ ಸ್ಟೇಷನ್ನುಗಳು ಇವು. ಇಲ್ಲಿ ರೈಲು ನಿಂತರೆ ಬೇಜಾರು ಮಾಡಿಕೊಳ್ಳಬೇಡಿ. ಒಂಟಿ ಹಳಿ, ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ರೈಲು. ಕ್ರಾಸಿಂಗ್ ಆಗುವ ತನಕ, ಅಂದರೆ ಎದುರಿನ ರೈಲು ದಾಟಿಹೋಗುವ ತನಕ, ಕಾಯಲೇಬೇಕು. ಹೋದ ಸಲ ಎಡಕುಮೇರಿಯಲ್ಲಿ ನಮ್ಮ ರೈಲು ಲೂಪಿನಲ್ಲಿ ನಿಂತಿತು. ಮಳೆ ಬಂದು ನಿಂತಿತ್ತು. ಸ್ಟಾರ್ಟರ್‌ನ ಕೆಂಪು ದೀಪ ಒದ್ದೆ ಹಳಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ನಾನು ನೋಟ್‌ಬುಕ್ಕಿನಲ್ಲಿ ಬೋರ್ಡುಗಳನ್ನು ಗೀಚುತ್ತಿದ್ದೆ. ಎದುರು ಸೀಟಿನ ಹಿರಿಯರು, ಪುತ್ತೂರು ಕಡೆಯವರು, ಕೇಳಿದರು: “ಎಂತ ಬರೆಯುವುದು ಮಾರಾಯ್ರೆ?”

ತೋರಿಸಿದೆ. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್, ಅಂದರೆ ಹಳಿ ನೋಡಿಕೊಳ್ಳುವ ಕೆಲಸಗಾರ, ಆಗಿ ರಿಟೈರ್ ಆದವರಂತೆ. ನನ್ನ ಚಿತ್ರದಲ್ಲಿದ್ದ ‘ಟಿ/ಪಿ’, ‘ಟಿ/ಜಿ’ ಬಿಲ್ಲೆಗಳ ಮೇಲೆ ಬೆರಳಿಟ್ಟರು. “ಇದು ನಮ್ಮದೇ ಕೆಲಸ. ಗುಡ್ಡ ಜರಿದ ಜಾಗದಲ್ಲಿ ರೈಲು ಮೆಲ್ಲ ಹೋಗಬೇಕಲ್ಲ, ಮೊದಲು ಮೀನಿನ ಬಾಲದ ಹಾಗೆ ಒಂದು ಹಳದಿ ಬೋರ್ಡು. ಮತ್ತೆ ಎಷ್ಟು ಸ್ಪೀಡು ಅಂತ ತ್ರಿಕೋನದಲ್ಲಿ. ಕಡೆಗೆ ಈ ಟಿ/ಪಿ. ಇಂಜಿನ್ ಇಲ್ಲಿಗೆ ಬಂದರೆ ಪ್ಯಾಸೆಂಜರ್ ಗಾಡಿಯ ಕೊನೇ ಬೋಗಿ ಆ ಜಾಗ ದಾಟಿತು ಅಂತ ಲೆಕ್ಕ. ಗೂಡ್ಸ್ ಉದ್ದ ಅಲ್ವಾ, ಅದಕ್ಕೆ ಟಿ/ಜಿ ಇನ್ನೂ ಆಚೆ.”

ನನಗೆ ಎರಡು ಬಿಲ್ಲೆ ಯಾಕೆ ಅಂತ ಅಷ್ಟು ದಿನ ಹೊಳೆದಿರಲಿಲ್ಲ. 2024ರ ಜುಲೈ 26ರಂದು ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳೆಲ್ಲ ನಿಂತಿದ್ದು ನೆನಪಿರಬಹುದು. ಮಳೆಗಾಲದಲ್ಲಿ ರೈನ್‌ಕೋಟ್ ಹಾಕಿ ಹಳಿ ಪಕ್ಕ ನಿಂತಿರುವವರು ಅಂಥ ಜಾಗಗಳನ್ನು ಹಗಲೂ ರಾತ್ರಿ ಕಾಯುವವರು. ಅವರು ಕೈಯಲ್ಲಿ ಹಿಡಿದ ಹಸಿರು ಬಾವುಟವೂ ಒಂದು ಸಿಗ್ನಲ್ಲೇ. ನಾನಂತೂ ಅವರು ಕಂಡಾಗೆಲ್ಲ ಕೈ ಎತ್ತುತ್ತೇನೆ.

ಅಷ್ಟರಲ್ಲಿ ಕೆಳಗಿನಿಂದ ಗೂಡ್ಸ್ ಹತ್ತಿ ಬಂತು. ಮುಂದೆ ಇಂಜಿನ್, ಹಿಂದೆ ನೂಕುವ ಬ್ಯಾಂಕರ್ ಇಂಜಿನ್. ನೆಲ ನಡುಗಿತು. ಕೊನೆಯ ವ್ಯಾಗನ್ ದಾಟಿ ಸ್ವಲ್ಪ ಹೊತ್ತಿಗೆ ನಮ್ಮ ಸ್ಟಾರ್ಟರ್‌ನ ಕೆಂಪು ಹೋಗಿ ಹಳದಿ ಬಂತು. “ಹೊರಟಿತು ನೋಡಿ” ಅಂದರು ಹಿರಿಯರು. ಹಾರನ್ ಆಮೇಲೆ ಕೇಳಿಸಿತು.

ಇನ್ನೊಂದು ಮುಖ್ಯ ವಿಷಯ. ಈ ಹಳಿಯ ಮೇಲೆ ನಡೆದು ಚಾರಣ ಮಾಡಿದವರ ಕಥೆ ಕೇಳಿ ಹಾಗೆ ಹೊರಡಬೇಡಿ. ಅದಕ್ಕೆ ಅನುಮತಿ ಇಲ್ಲ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸುರಂಗದೊಳಗೆ ಇಳಿಜಾರಿನಲ್ಲಿ ಬರುವ ರೈಲಿನ ಸದ್ದು ಹತ್ತಿರ ಬರುವ ತನಕ ಕೇಳುವುದೂ ಕಷ್ಟ. ಬೋರ್ಡು ಎಷ್ಟೇ ಇಷ್ಟವಾದರೂ ಕಿಟಕಿಯಿಂದಲೇ ನೋಡಿ.

ಜೊತೆಗೆ ಒಯ್ಯಬೇಕಾದ್ದು ಹೆಚ್ಚೇನಿಲ್ಲ. ಸಣ್ಣ ಬೈನಾಕ್ಯುಲರ್, ಸೆಕೆಂಡ್ ತೋರಿಸುವ ಗಡಿಯಾರ, ಪೆನ್ಸಿಲ್. ಮಳೆಗಾಲದಲ್ಲಿ ಪೆನ್ ಬೇಡ, ಶಾಯಿ ಕಲಸಿಹೋಗುತ್ತದೆ. ಕಾಡು ನೋಡಲು ಮಳೆಗಾಲ ಚೆಂದ, ಸಿಗ್ನಲ್ ನೋಡಲು ನವೆಂಬರ್, ಡಿಸೆಂಬರ್ ಒಳ್ಳೆಯದು. ಮಂಜು ಕಡಿಮೆ, ಬೋರ್ಡಿಗೆ ಬಳ್ಳಿ ಹಬ್ಬಿರುವುದಿಲ್ಲ. ಆದರೆ ವಾಪಸ್ ಬರುವುದನ್ನೂ ಹಗಲು ರೈಲಿಗೇ ಮಾಡಿಸಿ. ಹತ್ತುವಾಗ ಎಡಗಡೆ ಕೂತರೆ ಹೋಗುವಾಗ ಬೆನ್ನು ತೋರಿಸಿದ್ದ ಸಿಗ್ನಲ್‌ಗಳೆಲ್ಲ ಈಗ ಮುಖ ತೋರಿಸುತ್ತವೆ.