ಮೂರನೆಯ ಲೈಮ್ ಮತ್ತು ನಮ್ಮ ಹಿತ್ತಲಿನ ಲಿಂಬಿ

ಮನೆ, ಹಿತ್ತಲು, ಗಿಡಗಳ ಇಂಗ್ಲಿಷ್ ಹೆಸರುಗಳನ್ನು ಚೀಟಿಯಲ್ಲಿ ಬರೆದು ಆಯಾ ವಸ್ತುವಿಗೇ ಕಟ್ಟಿ ಕಲಿಯುವ ನಮ್ಮ ಅಜ್ಜ-ಮೊಮ್ಮಗಳ ಕೆಲಸದಲ್ಲಿ ಕರಿಬೇವು, ದಾಸವಾಳ, ನುಗ್ಗೆ ಒಂದೇ ದಿನದಲ್ಲಿ ಮುಗಿದವು. ಲಿಂಬಿ ಗಿಡವೊಂದೇ ಮೂರು ವಾರ ಹಿಡಿಯಿತು. ಇಂಡಿ ತಾಲ್ಲೂಕಿನಲ್ಲಿದ್ದು ಲಿಂಬಿಯ ಹೆಸರನ್ನೇ ತಪ್ಪು ಬರೆಯುವುದು ನನ್ನಿಂದಾಗದ ಮಾತು.

ವಿಜಯಪುರದ ಅಂಗಡಿಯಿಂದ ತಂದ ಚಿತ್ರಪಟದಲ್ಲಿ ಹಳದಿ ಹಣ್ಣಿಗೆ ಲೆಮನ್, ಹಸಿರು ಹಣ್ಣಿಗೆ ಲೈಮ್ ಎಂದು ಮುದ್ರಿಸಿದ್ದರು. ನಮ್ಮ ಲಿಂಬಿಯಾದರೋ ಕಾಯಿದ್ದಾಗ ಹಸಿರು, ಗಿಡದಲ್ಲೇ ಬಿಟ್ಟರೆ ಹಳದಿ. ಪಟವನ್ನು ನಂಬಿದರೆ ಒಂದೇ ಟೊಂಗೆಗೆ ಎರಡು ಚೀಟಿ ಕಟ್ಟಬೇಕಾಗುತ್ತದೆ. ಮುದ್ರಿಸಿದವರು ಒಬ್ಬ ರೈತನನ್ನು ಕೇಳಿದ್ದರೆ ಸಾಕಿತ್ತು. ಬಣ್ಣವನ್ನು ಬದಿಗಿಟ್ಟು ನೋಡಿದಾಗ ದಾರಿ ಕಂಡಿತು. ಲೆಮನ್ ದೊಡ್ಡದು, ತುಸು ಉದ್ದ, ತುದಿ ಚೂಪು, ಸಿಪ್ಪೆ ದಪ್ಪ; ನಮ್ಮದು ಸಣ್ಣದು, ದುಂಡಗಿನದು, ಸಿಪ್ಪೆ ತೆಳು. ಭೌಗೋಳಿಕ ಸೂಚಕ ಪಡೆದ ಇಂಡಿ ಲಿಂಬೆ ಇಂಗ್ಲಿಷಿನಲ್ಲಿ ಆಸಿಡ್ ಲೈಮ್. ಲೆಮನ್ ಚೀಟಿ ಬಿಚ್ಚಿ ಲೈಮ್ ಚೀಟಿ ಕಟ್ಟಿದೆ.

ಅದೇ ಸಂಜೆ ಮೊಮ್ಮಗಳು, “ಅಜ್ಜಾ, ಗ್ವಾಡಿಗೆ ಹಚ್ಚೂ ಸುಣ್ಣಕ್ಕೂ ಲೈಮ್ ಅಂತನ ಬರದಾರಲ್ಲ?” ಎಂದು ತಕರಾರು ತೆಗೆದಳು. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ, ಇಂಗ್ಲೆಂಡಿನ ಬೀದಿಯೊಂದರ ಎತ್ತರದ ಲೈಮ್ ಮರದ ನೆರಳಿನಲ್ಲಿ ಜನ ಕುಳಿತಿದ್ದರೆಂಬ ವಾಕ್ಯ ಅವಳ ಪಾಠದಲ್ಲಿ ಬಂತು. ಮುಳ್ಳಿನ ಲಿಂಬಿ ಗಿಡದ ಬುಡದಲ್ಲಿ ಯಾರು ಕೂಡುತ್ತಾರೆ? ಎರಡು ರಾತ್ರಿ ನಿಘಂಟು ತಿರುವಿದ ಮೇಲೆ ಗಂಟು ಬಿಚ್ಚಿತು: ಕಾಗುಣಿತ ಒಂದೇ, ಶಬ್ದ ಮೂರು. ಸುಣ್ಣದ ಲೈಮ್ ಹಳೆಯ ಇಂಗ್ಲಿಷಿನದು, ಹಕ್ಕಿ ಹಿಡಿಯುವ ಅಂಟಿಗೂ ಅದೇ ಹೆಸರಿತ್ತು. ಹಣ್ಣಿನ ಲೈಮ್ ಅರಬ್ಬಿಯ ಲೀಮಾದಿಂದ ಬಂದದ್ದು. ಮರದ ಲೈಮ್ ಮೂಲದಲ್ಲಿ ಲಿಂಡ್, ಅದು ಬಾಯಿಂದ ಬಾಯಿಗೆ ಲೈನ್ ಆಗಿ ಕೊನೆಗೆ ಲೈಮ್ ಆಯಿತು. ಹೃದಯದಾಕಾರದ ಎಲೆಯ ಆ ಮರಕ್ಕೂ ನಮ್ಮ ಉಪ್ಪಿನಕಾಯಿಗೂ ಯಾವ ನಂಟೂ ಇಲ್ಲ. ಅಮೆರಿಕದಲ್ಲಿ ಅದನ್ನು ಲಿಂಡನ್ ಎನ್ನುತ್ತಾರೆ. ಇದು ತಿಳಿದಾಗ ನನಗಾದ ಸಂತೋಷ ದೊಡ್ಡದು.

ಮುಂದಿನ ಪಾಳಿ ಮನೆಯದು. ಮಾಳಿಗೆಯ ಬೆಳಕಿಂಡಿಗೆ ಸ್ಕೈಲೈಟ್ ಸರಿಹೊಂದುತ್ತದೆ. ಪಡಸಾಲೆಯನ್ನು ವರಾಂಡ ಎಂದರೆ ಮನೆಯ ಹೊರಗಾಗುತ್ತದೆ, ಹಾಲ್ ಎಂದರೆ ಜೋಳದ ಚೀಲಗಳಿಗೆ ಅಲ್ಲಿ ಜಾಗವಿಲ್ಲ. ಅದಕ್ಕೂ ಮೊದಲು ಒಳ್ಳೆಯ ಪೆನ್ನು ಬೇಕು: ನೀರಿಗೆ ಅಳಿಯದೆಂದು ಕೊಟ್ಟದ್ದು ಮೊದಲ ಮಳೆಗೇ ಇಳಿದುಹೋಗಿ, ಲಿಂಬಿಯ ಚೀಟಿಯನ್ನು ಮತ್ತೆ ಬರೆದೆವು. ಎರಡನೆಯ ಲೈಮ್ ಚೀಟಿಯನ್ನು ಮೊಮ್ಮಗಳು ನನ್ನ ಎಲೆ-ಅಡಿಕೆಯ ಸುಣ್ಣದ ಡಬ್ಬಿಗೆ ಅಂಟಿಸಿದ್ದಾಳೆ. ಮೂರನೆಯದನ್ನು ಕಟ್ಟಲು ಊರಿನಲ್ಲಿ ಮರವಿಲ್ಲ. ಅದರ ಮೇಲೆ ಎಲೆಯ ಚಿತ್ರ ಬರೆದು ನಿಘಂಟಿನಲ್ಲಿಯೇ ಇಟ್ಟಿದ್ದಾಳೆ.