ಚೌಕದ ವಾಚ್ ಕೊಳ್ಳುವವರು ಮೊದಲು ಮೂಲೆ ನೋಡಿ

"ಒಳ್ಳೇದೊಂದು ಚೌಕದ ವಾಚ್ ತಗೋಬೇಕು ಅಂತಿದೀನಿ. ಯಾವುದು ತಗೊಳ್ಳಲಿ? ಗುಂಡು ವಾಚಿನಷ್ಟು ಬಾಳಿಕೆ ಬರುತ್ತಾ?" ವಾಚುಗಳ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ಬಾಳಿಕೆ ಬರುತ್ತದೆ. ಆದರೆ ಅದೇ ಬೆಲೆಯ ಗುಂಡು ವಾಚಿಗಿಂತ ಹೆಚ್ಚು ನೋಡಿ, ತಡವಿ, ಪರೀಕ್ಷಿಸಿ ಕೊಳ್ಳಬೇಕು. ಗುಂಡು ಕೇಸನ್ನು, ಅಂದರೆ ವಾಚಿನ ಹೊರಕವಚವನ್ನು, ಲೇತಿನ ಮೇಲೆ ಸಲೀಸಾಗಿ ತಿರುಗಿಸಿ ಮಾಡಬಹುದು. ಗಾಜು, ನೀರು ತಡೆಯುವ ರಬ್ಬರ್ ರಿಂಗು, ಹಿಂಬದಿಯ ಮುಚ್ಚಳ, ಒಳಗಿನ ಮಷೀನು ಎಲ್ಲವೂ ಗುಂಡಗೇ ಇರುವುದರಿಂದ ಒಂದರೊಳಗೊಂದು ತಾನಾಗಿ ಕೂರುತ್ತವೆ. ನಾಲ್ಕು ಮೂಲೆ ಬಂದವೋ, ಪ್ರತಿ ಭಾಗಕ್ಕೂ ಬೇರೆ ಕೆಲಸ, ಬೇರೆ ಖರ್ಚು. ಅಗ್ಗದಲ್ಲಿ ಮುಗಿಸುವವರು ಕೈಬಿಡುವುದು ಈ ಮೂಲೆಗಳನ್ನೇ.

ಮೊದಲು ಅಳತೆ. "ನನ್ನ ಗುಂಡು ವಾಚು 40 ಮಿ.ಮೀ., ಆದ್ದರಿಂದ ಚೌಕವೂ 40 ಇರಲಿ" ಎಂದು ಆನ್‌ಲೈನಿನಲ್ಲಿ ತರಿಸಿದವರು ವಾಪಸು ಕಳಿಸುವುದುಂಟು. ಲೆಕ್ಕ ಹೀಗಿದೆ: 40 ಮಿ.ಮೀ. ವ್ಯಾಸದ ವೃತ್ತದ ವಿಸ್ತೀರ್ಣ ಸುಮಾರು 1257 ಚದರ ಮಿ.ಮೀ.; 36 ಮಿ.ಮೀ. ಬದಿಯ ಚೌಕದ್ದು 1296. ಅಂದರೆ 36ರ ಚೌಕವೇ 40ರ ಗುಂಡಿಗಿಂತ ತುಸು ದೊಡ್ಡದಾಗಿ ಕಾಣುತ್ತದೆ. ಮೂಲೆಯಿಂದ ಮೂಲೆಗೆ ಅಳೆದರೆ ಅದು 50 ಮಿ.ಮೀ. ದಾಟುತ್ತದೆ. ನಿಮ್ಮ ಗುಂಡು ವಾಚಿನ ಅಳತೆಯಲ್ಲಿ ಹತ್ತನೇ ಒಂದು ಭಾಗ ಕಳೆದು ಚೌಕ ಹುಡುಕಿ. ಜರ್ಮನಿಯ ನೋಮೋಸ್ ಟೆಟ್ರಾದ ಒಂದು ಮಾದರಿಯ ಬದಿ ಬರೀ 29.5 ಮಿ.ಮೀ.; ಅಂಕಿಯಲ್ಲಿ ಚಿಕ್ಕದು, ಕೈಗೆ ಕಟ್ಟಿದರೆ ಚಿಕ್ಕದೆನಿಸುವುದಿಲ್ಲ. ಕಾರ್ಟಿಯೇ ಟ್ಯಾಂಕ್ ಮಸ್ಟ್‌ನ ದೊಡ್ಡ ಅಳತೆ ಎಂದು ಕರೆಯುವುದೇ 33.7 × 25.5 ಮಿ.ಮೀ.

ಆಯತದ ವಾಚಿಗೆ ಅಗಲಕ್ಕಿಂತ ಉದ್ದ ಮುಖ್ಯ. ಮಣಿಕಟ್ಟಿನ ಮೇಲ್ಭಾಗದ ಸಮತಟ್ಟಾದ ಜಾಗದ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು ಅಳೆಯಿರಿ. ಬೆಲ್ಟು ಸಿಕ್ಕಿಸುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ವಾಚಿನ ಉದ್ದ ಅದಕ್ಕಿಂತ ಕಡಿಮೆ ಇರಬೇಕು. ಹಿಂಬದಿ ಸ್ವಲ್ಪ ಬಾಗಿದ್ದರೆ ಉದ್ದನೆಯ ವಾಚು ಕೈಗೆ ಅಂಟಿಕೊಂಡು ಕೂರುತ್ತದೆ. ಪೂರ್ತಿ ಚಪ್ಪಟೆಯಾಗಿದ್ದರೆ ಎರಡು ತುದಿಯಲ್ಲೂ ಸಂದು ಬಿಟ್ಟುಕೊಂಡು ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ನೀರು. ಚೌಕದ ವಾಚು ಹೆಚ್ಚಾಗಿ ಹಾಳಾಗುವುದು ಇಲ್ಲೇ. ಗುಂಡು ವಾಚಿನ ಮುಚ್ಚಳವನ್ನು ತಿರುಪಿನಂತೆ ಸುತ್ತಿ ಬಿಗಿ ಮಾಡಬಹುದು, ರಬ್ಬರ್ ರಿಂಗಿನ ಮೇಲೆ ಸುತ್ತಲೂ ಒಂದೇ ಒತ್ತಡ ಬೀಳುತ್ತದೆ. ಚೌಕದ ಮುಚ್ಚಳವನ್ನು ತಿರುಗಿಸಲಾಗದು. ಒತ್ತಿ ಕೂರಿಸಬೇಕು, ಇಲ್ಲವೇ ನಾಲ್ಕು ಮೂಲೆಗೆ ಸ್ಕ್ರೂ ಹಾಕಬೇಕು. ಚೌಕದ ತಿಂಡಿ ಡಬ್ಬಿಯ ಮುಚ್ಚಳದ ಒಂದು ಮೂಲೆ ಒತ್ತಿದರೆ ಎದುರಿನ ಮೂಲೆ ಏಳುತ್ತದಲ್ಲ, ತೆಳುವಾದ ಒತ್ತುಮುಚ್ಚಳದ ಕಷ್ಟವೂ ಅದೇ. ರಿಂಗು ಮೂಲೆಯಲ್ಲಿ ಮಡಿಚಿಕೊಳ್ಳುತ್ತದೆ, ಬದಿಯ ನಡುಭಾಗದಲ್ಲಿ ಸಡಿಲವಾಗುತ್ತದೆ. ಬೆವರು ಅಲ್ಲಿಂದ ನುಗ್ಗುತ್ತದೆ.

ಆದ್ದರಿಂದ ವಾಚನ್ನು ತಿರುವಿ ಹಿಂಬದಿ ನೋಡಿ. ನಾಲ್ಕು ಸ್ಕ್ರೂ ಇದ್ದರೆ ಒಳ್ಳೆಯದು. ಚೌಕದ ಕೇಸಿನಲ್ಲೇ ಗುಂಡು ತೂತು ಕೊರೆದು ಗುಂಡು ಮುಚ್ಚಳ ಹಾಕಿದ್ದರೆ ಇನ್ನೂ ಒಳ್ಳೆಯದು. 1983ರಲ್ಲಿ ಬಂದ ಕ್ಯಾಸಿಯೋದ ಮೊದಲ ಜಿ-ಶಾಕ್, ಡಿಡಬ್ಲ್ಯೂ-5000ಸಿ, ಹೀಗೇ ಇತ್ತು. ಈಗ ಸಿಗುವ ಡಿಡಬ್ಲ್ಯೂ-5600ಗೆ ನಾಲ್ಕು ಸ್ಕ್ರೂ ಮುಚ್ಚಳ, ಆದರೂ 200 ಮೀಟರ್ ಮಟ್ಟದ ನೀರು ತಡೆಯುತ್ತದೆ. ಕೆಲಸ ಶುದ್ಧವಾಗಿದ್ದರೆ ಚೌಕಕ್ಕೆ ನೀರಿನ ಭಯವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹೊಯರ್ ಕಂಪನಿ 1969ರಲ್ಲಿ ಮೊನಾಕೊ ತಂದದ್ದೂ ನೀರು ತಡೆಯುವ ಚೌಕದ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ ವಾಚು) ಎಂದೇ.

"30 ಮೀಟರ್" ಎಂದು ಬರೆದಿರುವ ವಾಚನ್ನು 30 ಮೀಟರ್ ಆಳಕ್ಕೆ ಒಯ್ಯಬಹುದು ಎಂದಲ್ಲ. ಕೈ ತೊಳೆಯುವಾಗ ಸಿಡಿಯುವ ಹನಿ, ತುಂತುರು ಮಳೆ, ಅಷ್ಟೇ. ಸ್ನಾನಕ್ಕೆ, ಈಜಿಗೆ 100 ಮೀಟರ್ ಇರಲಿ. ಸಮಾರಂಭಕ್ಕೆ ಕಟ್ಟುವ ಆಯತದ ಡ್ರೆಸ್ ವಾಚುಗಳಲ್ಲಿ ಬಹಳಷ್ಟು 30ರವೇ. ಅದು ದೋಷವಲ್ಲ, ಅವುಗಳ ಉದ್ದೇಶವೇ ಬೇರೆ.

ಗಾಜಿನ ವಿಷಯ ಚಿಕ್ಕದು. ಸಫೈರ್ (ಕೃತಕ ನೀಲಮಣಿಯ ಗಾಜು) ಆದರೆ ಗೀರು ಬೀಳುವುದಿಲ್ಲವೆನ್ನಬಹುದು, ಮೂಲೆಗೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಹಾಗಾಗಿ ಗಾಜಿನ ಅಂಚು ಕೇಸಿನ ಅಂಚಿಗಿಂತ ಮೇಲೆ ಎದ್ದಿರಬಾರದು. ಉಗುರು ಓಡಿಸಿದರೆ ಗೊತ್ತಾಗುತ್ತದೆ. ಗುಂಡು ಗಾಜು ಎಲ್ಲ ರಿಪೇರಿ ಅಂಗಡಿಯಲ್ಲೂ ಅಳತೆವಾರು ಸಿಗುತ್ತದೆ, ಚೌಕದ್ದನ್ನು ಕತ್ತರಿಸಿ ಮಾಡಿಸಬೇಕು ಅಥವಾ ಕಂಪನಿಯಿಂದ ತರಿಸಬೇಕು. ಕೊಳ್ಳುವ ಮೊದಲೇ "ಇದರ ಗಾಜು ಬೇರೆಯಾಗಿ ಸಿಗುತ್ತಾ?" ಎಂದು ಕೇಳಿಡಿ. ಜೇಗರ್-ಲಕೂಲ್ತ್ರ್‌ನ ರಿವರ್ಸೊ ಹುಟ್ಟಿದ್ದೇ ಗಾಜಿನ ಈ ಸಂಕಟದಿಂದ: ಇಂಡಿಯಾದಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ವಾಚಿನ ಗಾಜು ಒಡೆಯುತ್ತಿತ್ತೆಂದು, ಮುಖವನ್ನು ಮಗುಚಿ ಲೋಹದ ಬೆನ್ನನ್ನು ಹೊರಕ್ಕೆ ಮಾಡುವ ಕೇಸು 1931ರಲ್ಲಿ ಬಂತು.

ಮಷೀನಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ. ಆಟೋಮ್ಯಾಟಿಕ್ ಎಂದರೆ ಕೈ ಅಲುಗಾಟದಿಂದ ತಾನೇ ಕೀಲಿ ಏರುವ ಮಷೀನು; ಅಂಥದ್ದರಲ್ಲಿ ಸಾಮಾನ್ಯವಾದ ಇಟಿಎ 2824-2ರ ವ್ಯಾಸ 25.6 ಮಿ.ಮೀ., ದಪ್ಪ 4.6 ಮಿ.ಮೀ. ಹೊರಗಿನ ಅಗಲವೇ 25 ಇರುವ ಆಯತದ ಕೇಸಿಗೆ ಅದು ಹಿಡಿಸುವುದಿಲ್ಲ. ಆಗ ಮಹಿಳೆಯರ ವಾಚಿಗೆಂದು ಮಾಡಿದ 17-20 ಮಿ.ಮೀ.ಯ ಪುಟ್ಟ ಆಟೋಮ್ಯಾಟಿಕ್ ಹಾಕುತ್ತಾರೆ. ಅದರಲ್ಲಿ ಸಮಯ ಕಾಯುವ ಬ್ಯಾಲೆನ್ಸ್ ಚಕ್ರ ಚಿಕ್ಕದು, ತಾನೇ ಕೀಲಿ ಕೊಟ್ಟುಕೊಳ್ಳುವ ರೋಟರ್ ಹಗುರ. ಕೈ ಅಲುಗಾಟ ಕಡಿಮೆ ಇರುವ ಕಚೇರಿ ಕೆಲಸದವರಿಗೆ ಪೂರ್ತಿ ಕೀಲಿ ಏರದೆ ಬೆಳಗ್ಗೆ ನಿಂತಿರಬಹುದು. ಕಿರಿದಾದ ಆಯತವಾದರೆ ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ಕೊಳ್ಳಿ, ಇಲ್ಲವೇ ಕೈಯಿಂದ ಕೀಲಿ ಕೊಡುವುದನ್ನು ಕೊಳ್ಳಿ. ರಿವರ್ಸೊಗೆ ಆಯತಾಕಾರದ ಮಷೀನನ್ನೇ ಮಾಡಿದ್ದಾರೆ. ಕೇಸಿನ ಜಾಗವೆಲ್ಲ ಬಳಕೆಯಾಗುತ್ತದೆ. ಕೈಯಿಂದ ಕೀಲಿ ಕೊಡುವ ಇಂಥವು ಒಮ್ಮೆ ಕೀಲಿ ಕೊಟ್ಟರೆ ಸುಮಾರು 40 ಗಂಟೆ ಓಡುತ್ತವೆ. ದಿನವೂ ಒಂದೇ ಹೊತ್ತಿಗೆ, ಬಿಗಿ ಸಿಗುವವರೆಗೆ ಕೀಲಿ ಕೊಟ್ಟರಾಯಿತು. 35 ಮಿ.ಮೀ. ದಾಟಿದ ಚೌಕವಾದರೆ ದೊಡ್ಡ ಆಟೋಮ್ಯಾಟಿಕ್‌ಗೆ ಅಡ್ಡಿಯಿಲ್ಲ.

ಚೌಕದ ಡಯಲಿನಲ್ಲಿ ಕೈಕೆಲಸದ ಮಟ್ಟ ಬೇಗ ಬಯಲಾಗುತ್ತದೆ. 30 ಮಿ.ಮೀ. ಬದಿಯ ಡಯಲು ಒಂದೇ ಡಿಗ್ರಿ ವಾಲಿ ಕೂತರೂ ಒಂದು ತುದಿಯ ಸಂದು ಇನ್ನೊಂದಕ್ಕಿಂತ ಅರ್ಧ ಮಿ.ಮೀ. ಹೆಚ್ಚಾಗುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಗಂಟೆಯ ಗೆರೆಗಳನ್ನೂ ನೋಡಿ. ಮುಳ್ಳು ಸುತ್ತುವುದು ವೃತ್ತದಲ್ಲೇ. ಆದ್ದರಿಂದ 30 ಮಿ.ಮೀ. ಚೌಕದ ಅಂಚಿನಲ್ಲಿ 12ರ ಗೆರೆಯಿಂದ 1ರ ಗೆರೆಗೆ 8.7 ಮಿ.ಮೀ., ಅಲ್ಲಿಂದ ಮೂಲೆಗೆ 6.3 ಮಿ.ಮೀ. ಇರಬೇಕು. ಅಗ್ಗದ ಡಯಲಿನಲ್ಲಿ ಅಂದಕ್ಕೆಂದು ಸಮನಾಗಿ ಹಂಚಿಬಿಡುತ್ತಾರೆ. ನಿಮಿಷದ ಮುಳ್ಳನ್ನು 5, 10, 20, 25ಕ್ಕೆ ತಿರುಗಿಸಿ. ಗೆರೆಯ ಮೇಲೇ ನಿಲ್ಲದಿದ್ದರೆ ಆ ವಾಚು ಬೇಡ.

ಲೋಹಕ್ಕೆ ಹಿಂಬದಿಯ ಬರಹವೇ ಜಾತಕ. "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದಷ್ಟೇ ಇದ್ದರೆ ಮುಚ್ಚಳ ಮಾತ್ರ ಸ್ಟೀಲು ಎಂದು ತಿಳಿಯಿರಿ. ಜೊತೆಗೆ "ಬೇಸ್ ಮೆಟಲ್" ಎಂದಿದ್ದರೆ ಉಳಿದ ಕೇಸು ಹಿತ್ತಾಳೆಯೋ ಸತುವಿನ ಮಿಶ್ರಲೋಹವೋ, ಮೇಲೆ ಲೇಪ. ಲೇಪ ಮೊದಲು ಸವೆಯುವುದು ಚೂಪಾದ ಅಂಚಿನಲ್ಲಿ, ಚೌಕದ ವಾಚಿಗೆ ಅಂಚುಗಳೇ ಜಾಸ್ತಿ. ಮಂಗಳೂರು, ಉಡುಪಿಯ ಬೆವರಿನಲ್ಲಿ ಬೇಗನೆ ಒಳಗಿನ ಲೋಹ ಇಣುಕುತ್ತದೆ. ಪೂರ್ತಿ ಸ್ಟೀಲಿನದನ್ನೇ ಆರಿಸಿ, 316ಎಲ್ ದರ್ಜೆಯ ಸ್ಟೀಲಾದರೆ ನಿಶ್ಚಿಂತೆ. ಕೇಸಿನ ಚಪ್ಪಟೆ ಬದಿಯಲ್ಲಿ ಟ್ಯೂಬ್‌ಲೈಟಿನ ಬಿಂಬ ಹಿಡಿದು ನೋಡಿ: ನೆಟ್ಟಗಿದ್ದರೆ ಒಳ್ಳೆಯ ಕೆಲಸ, ತುದಿಯಲ್ಲಿ ಬಾಗಿದರೆ ಅವಸರದ ಪಾಲಿಶ್. ಹಳೆಯ ವಾಚಿಗೂ ಇದೇ ಪರೀಕ್ಷೆ. ಮತ್ತೆಮತ್ತೆ ಉಜ್ಜಿಸಿಕೊಂಡ ಚೌಕದ ಅಂಚು ಸೋಪಿನ ತುಂಡಿನಂತಾಗಿರುತ್ತದೆ. ಎಚ್‌ಎಂಟಿಯ ಹಳೆಯ ಚೌಕಗಳನ್ನು ಹುಡುಕುವವರು ಡಯಲಿನ ಬಗ್ಗೆಯೂ ಜೋಕೆ. ಕಂಪನಿ 2016ರಲ್ಲಿ ವಾಚು ಘಟಕ ಮುಚ್ಚಿದ ಮೇಲೆ, ಹೊಸ ಬಣ್ಣ ಬಳಿದು "ಬಳಸದ ಹಳೆ ಸ್ಟಾಕ್" ಎಂದು ಮಾರುವವರು ಬಹಳ.

ಹೆಸರು ಹೇಳಿ ಎಂದರೆ: ದಿನನಿತ್ಯದ ಒರಟು ಬಳಕೆಗೆ ಹತ್ತು ಸಾವಿರದೊಳಗೆ ಡಿಡಬ್ಲ್ಯೂ-5600ಗೆ ಸಾಟಿಯಿಲ್ಲ. ಅದಕ್ಕಿಂತ ಮೇಲೆ ಹೋಗುವವರು ಲಾಂಜಿನ್ಸ್ ಡೋಲ್ಚೆವೀಟಾ ನೋಡಬಹುದು; ಯಂತ್ರದ ಸೊಗಸು ಬೇಕೆಂದರೆ ನೋಮೋಸ್ ಟೆಟ್ರಾ. ಒಂದೇ ಒಳ್ಳೆಯ ವಾಚು ಬೇಕು, ನೀರಿಗೂ ಅಂಜಬಾರದು ಎನ್ನುವವರಿಗೆ 100 ಮೀಟರಿನ ಸಾಂತೋಸ್ ದ ಕಾರ್ಟಿಯೇ ಸರಿ. ಬ್ರೆಜಿಲಿನ ವಿಮಾನಿ ಸಾಂತೋಸ್-ದುಮೋಂಗೆಂದು 1904ರಲ್ಲಿ ಮಾಡಿಕೊಟ್ಟ ವಾಚಿನ ವಂಶವದು.

ಕೊಂಡ ಮೇಲೆ ಸೆಲ್ ಬದಲಿಸುವಾಗ ಎಚ್ಚರ. ಒತ್ತುಮುಚ್ಚಳವನ್ನು ಗುಂಡು ಅಚ್ಚಿಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಭಾರವೆಲ್ಲ ಗಾಜಿನ ನಡುವೆ ಬಿದ್ದು ಬಿರುಕು ಬಿಡುತ್ತದೆ. ಕೇಸಿನ ಚೌಕಟ್ಟಿಗೆ ಆನಿಕೊಳ್ಳುವ ಚೌಕದ ಅಚ್ಚೇ ಬೇಕು. ರಿಂಗನ್ನು ತೆಗೆದು ಮೂಲೆಗಳ ಕೊಳೆ ಒರೆಸಿ, ರಿಂಗು ಗಟ್ಟಿಯಾಗಿದ್ದರೆ ಹೊಸದು ಹಾಕಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿಸಿ. ಸ್ಕ್ರೂ ಮುಚ್ಚಳವಾದರೆ ನಾಲ್ಕನ್ನೂ ಮೊದಲು ಅರ್ಧ ಕೂರಿಸಿ, ಆಮೇಲೆ ಎದುರು-ಬದುರು ಮೂಲೆಯ ಕ್ರಮದಲ್ಲಿ ಬಿಗಿ ಮಾಡಲು ಹೇಳಿ.